ಗ್ಯಾಸಿನವನ ಹಿಂದೆ ನಿಲ್ಲುವವನು

ಗಂಡನ ಮೇಲಿನ ಸಿಟ್ಟು ಗುರುಬಾಯಿಗೆ ಅವನು ಸತ್ತ ಮೇಲೂ ಇಳಿದಿರಲಿಲ್ಲ. ಜನ ಅದನ್ನು ದುಃಖವೆಂದು ತಿಳಿದಿದ್ದರು, ಅವಳೂ ತಿದ್ದಲು ಹೋಗಿರಲಿಲ್ಲ. ತೆಲುಗು ಸೀಮೆಯ ನಾಚಾರಂನ ಒಂದು ಕಾರ್ಖಾನೆಯ ಗೇಟಿನಲ್ಲಿ ಮುಷ್ಕರ ಕೈಮೀರಿ ಕಲ್ಲು ಬೀಳತೊಡಗಿದಾಗ ಪೊಲೀಸ್ ತುಕಡಿಗೆ ಹಿಂದೆ ಸರಿಯಲು ಆಜ್ಞೆಯಾಯಿತು. ಎಲ್ಲರೂ ಸರಿದರು, ಅವಳ ಗಂಡ ಸಿದ್ದರಾಮನೊಬ್ಬ ಸರಿಯಲಿಲ್ಲ. ಆಜ್ಞೆಯನ್ನೂ ಲೆಕ್ಕಿಸದೆ ಹುಲಿಯ ಹಾಗೆ ಗುಂಪಿಗೆ ಎದೆಯೊಡ್ಡಿ ಸತ್ತ ಎಂದು ದೊಡ್ಡ ಸಾಹೇಬರು ಹೆಣದ ಮುಂದೆ ನಿಂತು ಹೊಗಳಿದರು. ಹೊಗಳುವುದಕ್ಕೆ ಅವರ ಗಂಟೇನು ಹೋಗುತ್ತದೆ? ಮನೆಯಲ್ಲಿ ಹೆಂಡತಿ ಇದ್ದಾಳೆಂಬುದು ಆ ಹುಲಿಗೆ ಒಂದು ಗಳಿಗೆಯಾದರೂ ನೆನಪಾಗಬಾರದಿತ್ತೇ ಎಂದು ಗುರುಬಾಯಿ ರೊಟ್ಟಿ ಬಡಿಯುವಾಗಲೆಲ್ಲ ಹಲ್ಲು ಕಡಿಯುತ್ತಿದ್ದಳು.

ಅತ್ತೆ ಸೂಗಮ್ಮನದು ಬೇರೆಯೇ ದಾರಿ. ಮಗ ಹುಲಿಯಾಗಿ ಸತ್ತ ಎಂಬ ಒಂದು ಮಾತನ್ನು ಹಿಡಿದುಕೊಂಡೇ ಮುದುಕಿ ಬದುಕಿದ್ದಳು. ತೆಲುಗು ಬಾರದಿದ್ದರೂ ಪೊಲೀಸ್ ಲೈನಿನ ನಲ್ಲಿಯ ಹತ್ತಿರ ಸಿಕ್ಕಸಿಕ್ಕವರನ್ನು ನಿಲ್ಲಿಸಿ, ಹರಕು ಹಿಂದಿಯಲ್ಲಿ “ಮೇರಾ ಬೇಟಾ ಶೇರ್ ಥಾ”, ನನ್ನ ಮಗ ಹುಲಿ, ಎನ್ನುತ್ತಿದ್ದಳು.

ಈ ಇಬ್ಬರು ಹೆಂಗಸರಿಗೂ ಆಸರೆಯಾದವನು ಅಮರೇಶಪ್ಪ. ಸಿಂಧನೂರು ಕಡೆಯವನು, ಆಗ ಸಿದ್ದರಾಮನ ತುಕಡಿಯಲ್ಲೇ ಹೆಡ್ ಕಾನ್ಸ್‌ಟೇಬಲ್ ಆಗಿದ್ದ. ಹೆಣದ ಜೊತೆ ಮನೆಗೆ ಬಂದವನು ಅವನೇ. ಸತ್ತವನ ಹೆಂಡತಿಗೆ ಕೊಡುವ ನೌಕರಿ ಗುರುಬಾಯಿಗೆ ಸಿಗಲೆಂದು ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದವನೂ ಅವನೇ. “ನಾ ಅದೀನಿ ತಂಗಿ” ಎಂದು ಪ್ರತಿ ಹಬ್ಬಕ್ಕೂ ಬಂದು ಕೂರುತ್ತಿದ್ದ. ಈಗ ಅವನು ತರಬೇತಿ ಮೈದಾನದಲ್ಲಿ ಉಸ್ತಾದ್, ಹೊಸಬರಿಗೆ ಕವಾಯತು ಕಲಿಸುವವನು. ಗುರುಬಾಯಿ ಅವನ ಕೈಕೆಳಗೆ ಕಲಿಯುವ ಹೆಣ್ಣುಮಕ್ಕಳಲ್ಲಿ ಒಬ್ಬಳು. ಪಾಸಾದರೆ ಸಂಬಳ, ಇರಲು ಕ್ವಾರ್ಟರ್ಸು, ನಪಾಸಾದರೆ ಬೀದಿ.

ಇಲಾಖೆ ಎಂದರೆ ಒಂದೇ ಮನೆಯಲ್ಲ ಎಂದು ಅಲ್ಲಿ ಮೊದಲು ಕಲಿಸಿದರು. ಠಾಣೆಯ ಪೊಲೀಸರು ಒಂದು ಪಾಲು, ದೂರು ಬರೆದುಕೊಳ್ಳುವವರು. ಬಂದೋಬಸ್ತಿನ ರಿಸರ್ವ್ ಪೊಲೀಸರು ಇನ್ನೊಂದು ಪಾಲು, ಮುಷ್ಕರ, ಮೆರವಣಿಗೆ, ಮಂತ್ರಿಗಳ ಸವಾರಿ ಎಂದಾಗ ಲಾರಿ ಹತ್ತುವವರು. ಠಾಣೆಯವನಿಗೆ ಪುಕ್ಕಟೆ ಚಹಾ ಆದರೂ ಸಿಗುತ್ತದೆ, ರಿಸರ್ವಿನವನಿಗೆ ಬಿಸಿಲು ಮತ್ತು ಕಲ್ಲು. ಆಮೇಲೆ ಗುಂಪು ಚದುರಿಸುವ ಪಾಠ ಬಂತು: ಮೊದಲು ಎಚ್ಚರಿಕೆ, ಆಮೇಲೆ ಅಶ್ರುವಾಯು, ಆಮೇಲೆ ಲಾಠಿ, ಕೊನೆಗೆ ಬಂದೂಕು.

ಅಶ್ರುವಾಯುವಿನ ಪಾಠವನ್ನು ಅಮರೇಶಪ್ಪನೇ ಮಾಡಬೇಕಿತ್ತು. ಹೊಟ್ಟೆನೋವೆಂದು ಹೇಳಿ ವೆಂಕಟೇಶನೆಂಬ ಇನ್ನೊಬ್ಬ ಉಸ್ತಾದನನ್ನು ಕಳಿಸಿದ. ವೆಂಕಟೇಶ ಅರ್ಧ ಹುಡುಗಿಯರನ್ನು ಗುಂಪಾಗಿ ಎದುರಿಗೆ ನಿಲ್ಲಿಸಿ, ಕೈಗೆ ಮಣ್ಣುಹೆಂಟೆ ಕೊಟ್ಟ. ಗುರುಬಾಯಿಯ ಮುಖಕ್ಕೆ ಗ್ಯಾಸ್ ಮಾಸ್ಕ್ ಬಿಗಿದು, ಮೇಲೆ ಹೆಲ್ಮೆಟ್ ಹಾಕಿ, ಕೈಗೆ ಗ್ಯಾಸ್ ಗನ್ ಕೊಟ್ಟು, ಉಳಿದರ್ಧದವರ ಸಾಲಿನಲ್ಲಿ ನಿಲ್ಲಿಸಿದ.

ಮಾಸ್ಕಿನೊಳಗೆ ಅವಳಿಗೆ ಕೇಳಿಸಿದ್ದು ತನ್ನ ಉಸಿರಿನ ಸದ್ದು ಮಾತ್ರ. ಗಾಜಿನಲ್ಲಿ ಕಂಡದ್ದು ಎದುರಿನ ಗುಂಪು ಮಾತ್ರ. ಹೆಂಟೆಗಳು ಬಂದು ಎದೆಗೆ ಬಡಿದವು, ಅವಳು ನಿಂತೇ ಇದ್ದಳು. ಎಷ್ಟೋ ಹೊತ್ತಿನ ಮೇಲೆ ಭುಜದ ಮೇಲೊಂದು ಕೈ ಬಿತ್ತು. ತಿರುಗಿ ನೋಡಿದರೆ ಅವಳ ಸಾಲಿನವರೆಲ್ಲ ಹಿಂದೆ ಸರಿದು ದೂರದ ಬೇವಿನ ಮರದ ಕೆಳಗೆ ನಿಂತು ನಗುತ್ತಿದ್ದರು.

ವೆಂಕಟೇಶ ಮಾಸ್ಕ್ ಬಿಚ್ಚಿ, “ಗಲಾ ಫಾಡ್ಕೆ ಚಿಲ್ಲಾಯಾ. ಸುನಾಯಿ ದಿಯಾ?” ಎಂದ, ಗಂಟಲು ಹರಿಯುವಂತೆ ಕೂಗಿದ್ದು ಕೇಳಿಸಿತೇ ಎಂದು. ಅವಳು ಇಲ್ಲವೆಂದಳು. ಇದೇ ಇವತ್ತಿನ ಪಾಠ ಎಂದು ಅವನು ಎಲ್ಲರಿಗೂ ಹೇಳಿದ. ಗ್ಯಾಸ್ ಹೊಡೆಯುವವನಿಗೆ ಕೂಗು ಕೇಳಿಸುವುದಿಲ್ಲ. ಅದಕ್ಕೇ ಗ್ಯಾಸ್ ಟೋಳಿಯ ಹೆಡ್ ಕಾನ್ಸ್‌ಟೇಬಲ್ ಅವನ ಬೆನ್ನ ಹಿಂದೆಯೇ ನಿಲ್ಲಬೇಕು, ಭುಜ ಮುಟ್ಟಿ ಜೊತೆಗೆ ಕರೆದೊಯ್ಯಬೇಕು. ಮುಟ್ಟುವ ತನಕ ಗ್ಯಾಸಿನವನು ಕದಲಕೂಡದು.

ಸಿದ್ದರಾಮ ಗ್ಯಾಸ್ ಗನ್ನಿನವನು. ಅವನ ಅಂಗಿ ಒಗೆಯುವಾಗ ಅದಕ್ಕೆ ಹತ್ತಿದ ಗ್ಯಾಸಿಗೆ ಗುರುಬಾಯಿಯ ಕಣ್ಣು ಉರಿಯುತ್ತಿತ್ತು. ಆ ಟೋಳಿಯ ಹೆಡ್ ಕಾನ್ಸ್‌ಟೇಬಲ್ ಅಮರೇಶಪ್ಪ.

ಮರುದಿನ ಕವಾಯತು ಮುಗಿದ ಮೇಲೆ ನೀರಿನ ತೊಟ್ಟಿಯ ಹತ್ತಿರ ಅವನನ್ನು ತಡೆದಳು. “ಅಣ್ಣಾರ, ಅವತ್ತು ಅವ್ರ ಹಿಂದ ನಿಂತಾವ್ರು ನೀವ ಅಲ್ರಿ?”

ಅಮರೇಶಪ್ಪ ಟೋಪಿ ತೆಗೆದ. “ಹೌದು.”

“ಭುಜ ಮುಟ್ಟಿದ್ರೇನ್ರಿ?”

“ಕೂಗಿದೆ ತಂಗಿ. ಕೂಗಿದ್ದು ಖರೆ ಐತಿ.”

“ಮುಟ್ಟಿದ್ರೇನು ಅಂತ ಕೇಳಾಕತ್ತೀನಿ.”

“ಇಲ್ಲ. ಕಲ್ಲು ಭಾಳ ಬೀಳಾಕತ್ತಿದ್ವು. ಓಡಿದೆ.”

“ಇವತ್ತ ಮನಿಗೆ ಬಂದು ಅತ್ತಿ ಮುಂದ ಹೇಳ್ರಿ.”

“ಮುದುಕಿ ತಡಕೊಳ್ಳಂಗಿಲ್ಲವ್ವಾ. ನಿನ್ನ ಪರೀಕ್ಷೆರ ಮುಗೀಲಿ.”

ಪರೀಕ್ಷೆಯಲ್ಲಿ ಪಾಸು ಮಾಡುವವನು ಅವನೇ. ಆ ಮಾತು ಬೆದರಿಕೆಯೋ ಅಕ್ಕರೆಯೋ ಅವಳಿಗೆ ತಿಳಿಯಲಿಲ್ಲ. ಏನಾದರೂ ಆಗಲಿ ಎನಿಸಿತು. “ಸತ್ತವ್ರನ್ನ ಇಷ್ಟು ವರ್ಷ ಬೈಕೋತ ಬಂದೀನ್ರಿ ನಾನು” ಎಂದಳು. “ನೀವು ಬರಲಿಕ್ಕೇ ಬೇಕು.”

ಸಂಜೆ ಅವನು ಬಂದ. ಸೂಗಮ್ಮ ಎಂದಿನಂತೆ ಚಾಪೆ ಹಾಸಿ ಚಹಾ ಇಟ್ಟಳು. ಅವನು ಕಪ್ಪು ಮುಟ್ಟದೆ, ತಲೆ ತಗ್ಗಿಸಿಕೊಂಡೇ ಎಲ್ಲ ಹೇಳಿದ.

ಮುದುಕಿ ಮೊದಲು ಹರಿಹಾಯ್ದದ್ದು ಸೊಸೆಯ ಮೇಲೆ. “ಇದನ್ನ ಹೇಳಸಾಕ ಕರಕೊಂಡು ಬಂದೀಯೇನ? ನನ್ನ ಮಗ ಹುಲಿ ಆಗಿ ಸತ್ತಾನಂತ ನಾ ಇದ್ದೆ. ಅದನ್ನೂ ಕಸಗೊಂಡ್ರಲ್ಲೋ! ನಾಳೆ ಇವ ಕೈಬಿಟ್ರ ನಮಗ ಯಾರದಾರ?”

ತಾನು ಹಗುರಾಗಲು ಅತ್ತೆಯ ಬುಡ ಕಡಿದೆನೇನೋ ಎಂದು ಗುರುಬಾಯಿಗೆ ಅಳುಕಾಯಿತು. ಸೂಗಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಅಮರೇಶ, ಅವ ಅಲ್ಲಿ ಯಾಕ ನಿಂತಿದ್ದ? ಎಲ್ಲಾರೂ ಹೋದ್ರು ಅಂತ ಅವಂಗ ಗೊತ್ತ ಆಗ್ಲಿಲ್ಲೇನು?”

“ಇಲ್ಲ ಯವ್ವಾ. ನಾ ವ್ಯಾನಿನ ಹಿಂದಿಂದ ನೋಡಿದೆ. ಒಂದ ಕೈಯಾಗ ಗನ್ ಹಿಡಕೊಂಡು, ಇನ್ನೊಂದು ಕೈ ಬೆನ್ನ ಹಿಂದ ಚಾಚಿ ತಡಕಾಡಿದ. ನಾ ಅದೀನಂತ ತಿಳಕೊಂಡಿದ್ದ.”

ಗುರುಬಾಯಿ ಗೋಡೆಗೆ ಒರಗಿ ಕೂತು, ಸಿದ್ದರಾಮ ಸತ್ತ ಮೇಲೆ ಮೊದಲ ಸಲ ಅವನಿಗಾಗಿ ಅತ್ತಳು.