ಇಪ್ಪತ್ತೇಳನೆಯ ನಳ

ಒಂಬತ್ತು ಗಂಟೆಗೆ ಕಲೆಕ್ಟರ್ ಕಚೇರಿಯ ಸಾಹೇಬರು ಬರುವವರಿದ್ದರು. ಎಂಟೂವರೆಗೇ ಕಾಂತಪ್ಪನ ಬಾಯಿ ಒಣಗಿತ್ತು. ಅವನ ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಚಾವಿ. ನೆಲದಡಿಯ ಕೊಳವೆಗಳಿಗೆ ಆ ಚಾವಿ ಹಾಕಿ ತಿರುಗಿಸಿ ನೀರು ಬಿಡುವುದು, ನಿಲ್ಲಿಸುವುದು ಅವನ ನೌಕರಿ. ಊರವರು ಅವನನ್ನು ಚಾವಿವಾಲಾ ಎಂದೇ ಕರೆಯುತ್ತಿದ್ದರು.

ಪುಣೆಯ ಅಂಚಿನಲ್ಲಿ, ಶಿರೂರಿನ ರಸ್ತೆಗೆ ಅಂಟಿಕೊಂಡು, ಆಗ ಒಂದು ಪುಟ್ಟ ನಗರಸಭೆಯಿತ್ತು. ಹೆಸರು ಬೇಡ, ಈಗ ಅದೂ ಇಲ್ಲ. ಮೊದಲು ಅಲ್ಲಿ ಒಂಬತ್ತೇ ಸದಸ್ಯರು, ಎಲ್ಲರೂ ಸರಕಾರ ನೇಮಿಸಿದ ಬಂಗಲೆಯವರು. ಊರಿನ ಹಣವೆಲ್ಲ ಅವರ ಬಂಗಲೆಗಳ ಮುಂದಿನ ರಸ್ತೆಗೇ ಸುರಿಯುತ್ತಿತ್ತು. ಊರ ತುದಿಯಲ್ಲಿ ವಿಜಾಪುರದ ಕಡೆಯವರು ನೆಲೆಸಿದ್ದ ಗಲ್ಲಿಗೆ ಒಂದು ಹಳೆಯ ಬಾವಿಯೇ ಗತಿ. ಹಿಂದಿನ ಬೇಸಗೆಯಲ್ಲಿ ಆ ಬಾವಿಯ ನೀರು ಕುಡಿದು ಕಾಂತಪ್ಪನ ಹಿರಿಮಗಳು ಕಾಶವ್ವ ಕಾಲರಾದಿಂದ ಒಂದೇ ದಿನದಲ್ಲಿ ಹೋದಳು. ಉಳಿದವಳು ಆರು ವರ್ಷದ ಶಿವಬಸವ್ವ. ಅವಳ ಮುಖ ನೋಡಿದಾಗಲೆಲ್ಲ ಕಾಂತಪ್ಪನಿಗೆ ಬಾವಿ ನೆನಪಾಗುತ್ತಿತ್ತು.

ಆ ವರ್ಷವೇ ಹೊಸ ಕಾಯ್ದೆ ಬಂತು. ಒಂಬತ್ತಿದ್ದ ಸದಸ್ಯರು ಇಪ್ಪತ್ತೇಳಾದರು, ವಾರ್ಡಿಗೊಬ್ಬರಂತೆ, ಚುನಾವಣೆಯಿಂದ. ಕಾಂತಪ್ಪ ತಾನು ನಗರಸಭೆಯ ನೌಕರನೆಂಬುದನ್ನೂ ಮರೆತು ಮನೆಮನೆ ತಿರುಗಿದ; ಗಲ್ಲಿಯ ಜೋಳದ ವ್ಯಾಪಾರಿ ಮುರುಗೆಪ್ಪ ಸಾವಕಾರನನ್ನು ಗೆಲ್ಲಿಸಿದ. ನಮ್ಮವನೊಬ್ಬ ಒಳಗೆ ಕೂತರೆ ನೀರು ಬಂದಂತೆಯೇ ಎಂದುಕೊಂಡ. ಉಳಿದ ಇಪ್ಪತ್ತಾರು ವಾರ್ಡಿನವರೂ ಹಾಗೆಯೇ ಎಂದುಕೊಂಡಿದ್ದಾರೆಂಬುದು ಪಾಪದವನಿಗೆ ಹೊಳೆಯಲೇ ಇಲ್ಲ.

ಎಂಜಿನಿಯರರ ಲೆಕ್ಕಾಚಾರ ಸರಳವಾಗಿತ್ತು. ಮೊದಲ ವರ್ಷ ನೀರಿನ ಟಾಕಿಯಿಂದ ಊರ ತುದಿಯವರೆಗೆ ಒಂದೇ ದಪ್ಪ ಕೊಳವೆ. ವಾರ್ಡುಗಳ ನಳ ಆಮೇಲೆ. ಆದರೆ ಆ ಊರಲ್ಲಿ ಒಂದು ಪದ್ಧತಿಯಿತ್ತು. ಕೆಲಸ ಮುಗಿದಲ್ಲಿ ಸದಸ್ಯರು ತೆಂಗಿನಕಾಯಿ ಒಡೆಯಬೇಕು, ಒಡೆದವರ ಹೆಸರು ಕಲ್ಲಿನಲ್ಲಿ ಕೆತ್ತಬೇಕು. ಹೂತುಹೋದ ಕೊಳವೆಗೆ ಕಾಯಿ ಒಡೆಯುವುದೆಲ್ಲಿ? ನನ್ನ ನಳಕ್ಕೆ ನೀನು ಕೈಯೆತ್ತು, ನಿನ್ನದಕ್ಕೆ ನಾನೆತ್ತುತ್ತೇನೆ ಎಂದು ಮಹನೀಯರು ಒಂದಾದರು. ದಪ್ಪ ಕೊಳವೆಯ ಯೋಜನೆ ಬಿದ್ದುಹೋಯಿತು. ಅದೇ ಹಳೆಯ ಸಣಕಲು ಕೊಳವೆಗೆ ಇಪ್ಪತ್ತೇಳು ನಳ, ಇಪ್ಪತ್ತೇಳು ಕಲ್ಲು. ಖರ್ಚು ಮಾತ್ರ ಎಂಜಿನಿಯರರು ಹೇಳಿದ್ದಕ್ಕಿಂತ ಒಂದೂವರೆ ಪಟ್ಟು. ಸಭೆಯ ಬಾಗಿಲಲ್ಲಿ ನಿಂತಿದ್ದ ಕಾಂತಪ್ಪ ಮುರುಗೆಪ್ಪನೂ ಕೈಯೆತ್ತಿದ್ದನ್ನು ಕಣ್ಣಾರೆ ಕಂಡ.

ಎಲ್ಲ ನಳಗಳನ್ನೂ ಒಮ್ಮೆಗೇ ಬಿಟ್ಟು ನೋಡಿದಾಗ ಹದಿನೆಂಟರವರೆಗೆ ನೀರು ಚೆನ್ನಾಗಿ ಬಂತು. ಮುಂದೆ ನೂಲಿನಷ್ಟಾಯಿತು. ಕಟ್ಟಕಡೆಯ, ಇಪ್ಪತ್ತೇಳನೆಯದಾದ ಗಲ್ಲಿಯ ನಳದಲ್ಲಿ ಬರೀ ಗಾಳಿ.

ಇಂದು ಬೆಳಿಗ್ಗೆ ಮುರುಗೆಪ್ಪ ಅವನನ್ನು ಅಂಗಡಿಗೆ ಕರೆಸಿದ್ದ. ಸಾಹೇಬರು ಒಂದರಿಂದ ಶುರುಮಾಡಿ ಕಡೆಗೆ ಇಲ್ಲಿಗೆ ಬರುತ್ತಾರೆ, ಅಷ್ಟರಲ್ಲಿ ಉಳಿದವನ್ನೆಲ್ಲ ನೋಡಿ ಮುಗಿಸಿರುತ್ತಾರೆ ಎಂದು ವಿವರಿಸಿದ.

"ನಾ ಕಾಯಿ ಎತ್ತಿದ ಕೂಡ್ಲೇ ಗಲ್ಲಿ ಬಾಯಾಗಿನ ಚಾವಿ ತಿರುವು. ಆ ಕಡೆ ಎಲ್ಲಾ ಬಂದಾಗಿ ನೀರು ಇತ್ತಾಗ ಬರ್ತದ. ಹತ್ತ ನಿಮಿಷ ಸಾಕು. ಸಾಹೇಬ್ರು ಸಹಿ ಹಾಕ್ತಾರ."

"ಆಮ್ಯಾಲ್ರಿ?"

"ಆಮ್ಯಾಲಿಂದು ಆಮ್ಯಾಲೆ. ನಿನ್ನ ನೌಕರಿ ಇಪ್ಪತ್ತೇಳು ಮಂದಿ ಕೈಯಾಗ ಅದ, ನೆನಪಿಟ್ಕೊ."

ಸಹಿ ಬಿದ್ದರೆ ಕೆಲಸ ಮುಗಿದಂತೆ. ಹಣವೂ ಮುಗಿದಿದೆ. ಆಮೇಲೆ ದಪ್ಪ ಕೊಳವೆಯ ಮಾತೆತ್ತುವವರು ಯಾರು? ನೀರು ಬಾರದಿದ್ದರೆ ಸಹಿ ಇಲ್ಲ. ಆದರೆ ನೌಕರಿಯೂ ಇಲ್ಲ. ಮನೆಯಲ್ಲಿ ಹೆಂಡತಿ ರುದ್ರವ್ವ ಕೊಡ ತೊಳೆಯುತ್ತ, "ಇವತ್ತ ಖರೇನ ನೀರು ಬರ್ತದೇನ್ರಿ?" ಎಂದು ಕೇಳಿದಾಗ ಅವನು ಚಾವಿಯನ್ನು ಹೆಗಲಿಗೇರಿಸಿ ಹೊರಬಿದ್ದಿದ್ದ.

ಸಾಹೇಬರು ಬಂದರು. ಹೂವು, ಅರಿಶಿನ, ಕುಂಕುಮ, ಹೊಸ ಕಲ್ಲಿನ ಮೇಲೆ ಮುರುಗೆಪ್ಪನ ಹೆಸರು. ರುದ್ರವ್ವ ಸಾಲಿನ ಮುಂದೆ ನಿಂತಿದ್ದಳು, ಶಿವಬಸವ್ವ ಆಗಲೇ ಬೊಗಸೆಯೊಡ್ಡಿದ್ದಳು. ಕಾಂತಪ್ಪ ಗುಂಡಿಗಿಳಿದು ಚಾವಿ ಕೂರಿಸಿದ. ಮುರುಗೆಪ್ಪ ಕಾಯಿಯನ್ನು ತಲೆಯ ಮೇಲೆತ್ತಿ ಇತ್ತ ನೋಡಿದ. ಕಾಂತಪ್ಪನ ತೋಳು ಬಿಗಿಯಿತು. ಅರ್ಧ ಸುತ್ತು ತಿರುಗಿಸಿದರೆ ಮಗಳ ಬೊಗಸೆ ತುಂಬುತ್ತದೆ. ಹತ್ತು ನಿಮಿಷ ತುಂಬುತ್ತದೆ. ನಾಳೆಯಿಂದ ಮತ್ತೆ ಬಾವಿ. ಆ ಬಾವಿಯನ್ನು ನೆನೆದು ಅವನಿಗೆ ತಡೆಯಲಾರದಷ್ಟು ಹೆದರಿಕೆಯಾಯಿತು. ಚಾವಿಯನ್ನು ತಿರುಗಿಸದೆ ಹಾಗೆಯೇ ಮೇಲಕ್ಕೆಳೆದುಬಿಟ್ಟ.

ಕಾಯಿ ಒಡೆಯಿತು. ನಳ ತಿರುಗಿಸಿದರು. ಸುಯ್ ಎಂದು ಗಾಳಿ ಬಂತು. ಕಲ್ಲಿನ ಮೇಲಿನ ಹೆಸರು ತೋಯ್ದದ್ದು ಕಾಯಿಯ ನೀರಿನಿಂದ ಮಾತ್ರ. ಶಿವಬಸವ್ವ ತನ್ನ ಖಾಲಿ ಬೊಗಸೆ ನೋಡಿಕೊಂಡಳು.

ನೀರೆಲ್ಲಿ ಎಂದು ಸಾಹೇಬರು ಮರಾಠಿಯಲ್ಲಿ ಕೇಳಿದರು. ಚಾವಿವಾಲಾ ಮರೆತಿದ್ದಾನೆ, ಕುಡುಕ, ಎಂದ ಮುರುಗೆಪ್ಪ. ಕಾಂತಪ್ಪ ಗುಂಡಿಯಿಂದ ಹತ್ತಿ ಬಂದ. ತನ್ನ ಹರಕುಮುರುಕು ಮರಾಠಿಯಲ್ಲಿ, ಚಾವಿ ತಿರುಗಿಸಿದರೆ ಇಲ್ಲಿ ನೀರು ಬರುತ್ತದೆ, ಆದರೆ ತಾವು ನೋಡಿ ಬಂದ ಇಪ್ಪತ್ತಾರೂ ನಿಲ್ಲುತ್ತವೆ, ಬೇಕಾದರೆ ಪರೀಕ್ಷಿಸಿ ಎಂದು ಹೇಳಿ ಚಾವಿಯನ್ನು ಅವರ ಕಾಲ ಬಳಿ ಇಟ್ಟ. ಆಮೇಲೆ ಮುರುಗೆಪ್ಪನತ್ತ ತಿರುಗಿದ.

"ಸಾವಕಾರ್ರ, ಮನಿಮನಿ ತಿರುಗಿ ನಿಮಗ ವೋಟು ಹಾಕ್ಸಿದಾಂವ ನಾನ. ಕಲ್ಲಿಗೆ ಅಲ್ರಿ, ನೀರಿಗೆ."

ಸಾಹೇಬರು ಸಹಿ ಹಾಕದೆ ಪೆನ್ನನ್ನು ಜೇಬಿಗೆ ಸೇರಿಸಿಕೊಂಡರು.

ಆ ವಾರದ ಸಭೆಯಲ್ಲಿ ಕಾಂತಪ್ಪನನ್ನು ತೆಗೆದುಹಾಕುವ ಠರಾವಿಗೆ ಇಪ್ಪತ್ತೇಳು ಕೈಗಳೂ ಒಟ್ಟಿಗೆ ಮೇಲೆದ್ದವು. ಆದರೆ ಸಾಹೇಬರ ವರದಿ ಮೇಲಕ್ಕೆ ಹೋಗಿತ್ತು. ದಪ್ಪ ಕೊಳವೆ ಹಾಕದೆ ಮುಂದಿನ ಅನುದಾನವಿಲ್ಲ ಎಂದು ಅಲ್ಲಿಂದ ಕಡ್ಡಿ ಮುರಿದಂತೆ ಉತ್ತರ ಬಂತು. ಕೊಳವೆ ಗಲ್ಲಿ ಮುಟ್ಟಲು ಹದಿನೈದು ತಿಂಗಳು ಹಿಡಿಯಿತು. ಅಷ್ಟು ದಿನವೂ ಕಾಂತಪ್ಪ ಧಾನ್ಯದ ಮಂಡಿಯಲ್ಲಿ ಮೂಟೆ ಹೊತ್ತು ಹಮಾಲಿ ಮಾಡಿದ, ರುದ್ರವ್ವ ಸೌದೆ ಹೊಂದಿಸಿ ಬಾವಿಯ ನೀರನ್ನು ಕುದಿಸಿ ಕುದಿಸಿ ಮಗಳಿಗೆ ಕೊಟ್ಟಳು.

ನೀರು ಬಂದ ದಿನ ಮುರುಗೆಪ್ಪ ಮತ್ತೆ ಕಾಯಿ ಒಡೆದ. ಒಡೆಯಲಿ. ಶಿವಬಸವ್ವ ಮೊಣಕೈವರೆಗೆ ತೋಯಿಸಿಕೊಂಡು ಹೊಟ್ಟೆ ತುಂಬ ಕುಡಿದಳು. ರುದ್ರವ್ವ ಕೊಡ ತುಂಬಿಸಿ ಬದಿಗಿಟ್ಟು, ಸೆರಗಿನೊಳಗಿಂದ ಒಂದು ಪುಟ್ಟ ಹಿತ್ತಾಳೆ ತಂಬಿಗೆ ತೆಗೆದಳು. ಅದು ಕಾಶವ್ವನದು. ಅದನ್ನೂ ನಳದ ಕೆಳಗೆ ಹಿಡಿದಳು. ಅದು ತುಂಬಿ ಹರಿಯುವವರೆಗೆ ಸಾಲಿನಲ್ಲಿದ್ದ ಯಾರೂ ಅವಸರ ಮಾಡಲಿಲ್ಲ.