ಎರಡೂವರೆ ಸೆಕೆಂಡು

ಇಕ್ಕಳ ಹಿಡಿದು ಸ್ಟೂಲಿನ ಮೇಲೆ ಹತ್ತಿದ್ದ ತಮ್ಮನನ್ನು ಅಕ್ಕ ಅಂಗಿಯ ತುದಿ ಹಿಡಿದು ಕೆಳಗೆಳೆದಳು.

“ಕತ್ತರಿಸಬೇಡ ಅಂದೆನಲ್ಲ!”

“ಅಲ್ಲ ಕಣಕ್ಕಾ, ಈ ರೇಡಿಯೊ ಕೇಬಲ್ಲು ಬಾಗಿಲಿಗೆ ಅಡ್ಡ ಜೋತಾಡ್ತಿದೆ. ಹತ್ತು ಗಂಟೆಗೆ ವ್ಯಾನು ಬರುತ್ತೆ. ಭಾವನ್ನ ಆಚೆ ತರೋದು ಹೇಗೆ?”

“ಎತ್ತಿ ಮೊಳೆಗೆ ಕಟ್ಟು. ಕತ್ತರಿಸೋ ಮಾತು ಬೇಡ.”

ತಮ್ಮ ಗೊಣಗುತ್ತಲೇ ಕಟ್ಟಿದ. ಮುಂದಿನ ಕೋಣೆಯ ಮಂಚದ ಮೇಲೆ ಅವಳ ಗಂಡ ಮಲಗಿದ್ದ. ನಿನ್ನೆ ರಾತ್ರಿ ಊಟ ಮುಗಿಸಿ ಏಳುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಮೂವತ್ತೈದು ವರ್ಷ ಲಿಫ್ಟ್ ಮೆಕ್ಯಾನಿಕ್ ಆಗಿದ್ದವನು. ಆದರೆ ಗೋಡೆಗೆ ಒರಗಿ ಕೂತ ನೆಂಟರು ಲಿಫ್ಟಿನ ಮಾತೆತ್ತಲಿಲ್ಲ.

“ಪಾಪ, ಚಂದ್ರಲೋಕ ಕೊನೆಗೂ ಹೊರಟಿತು,” ಎಂದರು ಯಾರೋ, ಅವನ ಅಡ್ಡಹೆಸರು ಹಿಡಿದು.

“ಕೊನೆವರೆಗೂ ಚಂದ್ರ ಒಂದು ಮಾತಾಡಲಿಲ್ಲವಲ್ಲ,” ಎಂದರು ಇನ್ನೊಬ್ಬರು.

ಸಣ್ಣಗೆ ಹೇಳಿದ್ದರೂ ಅವಳಿಗೆ ಕೇಳಿಸಿತು. ಗಂಡ ಹೋದ ದುಃಖವನ್ನು ಹೇಗೋ ನುಂಗಿಕೊಂಡಿದ್ದಳು. ಅವನು ನಗೆಪಾಟಲಾಗಿಯೇ ಹೊರಟನಲ್ಲ ಎಂಬುದನ್ನು ಮಾತ್ರ ನುಂಗಲಾಗಲಿಲ್ಲ.

*

ಲಿಫ್ಟಿನಲ್ಲಿ ಸಿಕ್ಕಿಬಿದ್ದವರನ್ನು ಹೊರಗೆ ತೆಗೆಯುವುದು ಅವನ ಕೆಲಸ; ಹವ್ಯಾಸಿ ರೇಡಿಯೊ ಅವನ ಹುಚ್ಚು. ಮಹಡಿಯ ಕೋಣೆಯಲ್ಲಿ ಕೂತು, ಕೀಲಿ ಕುಟ್ಟಿ, ಗಿಡ್ಡ-ಉದ್ದ ಸದ್ದುಗಳ ಮೋರ್ಸ್ ಸಂಕೇತದಲ್ಲಿ ಕಾಣದ ಊರಿನವರ ಯೋಗಕ್ಷೇಮ ವಿಚಾರಿಸುತ್ತಿದ್ದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಒಂದು ದಿನ ಕಿಟಕಿಗಳ ಅಲ್ಯೂಮಿನಿಯಂ ಪರದೆಕಂಬಿಗಳೆಲ್ಲ ಮಾಯವಾಗಿ ತಾರಸಿಯ ಮೇಲೆ ಆಂಟೆನಾ ಆಗಿ ನಿಂತವು.

“ಚಂದ್ರನಿಗೆ ಒಂದು ಸದ್ದು ಕಳಿಸ್ತೀನಿ. ಅದು ಅಲ್ಲಿ ತಾಗಿ ವಾಪಸ್ ಬರಬೇಕು. ಗೋಡೆಗೆ ಚೆಂಡು ಹೊಡೆದು ಹಿಡಿದ ಹಾಗೆ,” ಎಂದ. “ಗೋಡೆ ಸ್ವಲ್ಪ ದೂರ, ಅಷ್ಟೇ.”

“ಹಿಡಿದು ಏನು ಮಾಡ್ತೀರಿ?”

“ಮೊದಲು ಹಿಡೀತೀನಿ ಇರೇ.”

ಹತ್ತೊಂಬತ್ತು ವರ್ಷ ಹಿಡಿಯಲಿಲ್ಲ. ರಜೆಯ ಮಧ್ಯಾಹ್ನಗಳಲ್ಲಿ ಚಂದ್ರ ಮೇಲಿದ್ದರೆ ಇವನೂ ಮೇಲೆಯೇ. ಹೆಡ್‌ಫೋನ್ ಹಾಕಿಕೊಂಡು ಕಾಯುವುದು, ಪ್ರತಿಸಲವೂ ಕ್ಯಾಸೆಟ್ಟಿಗೆ ತುಂಬಿಡುವುದು, ಬರಿಗೈಯಲ್ಲಿ ಇಳಿದು ಬಂದು ಕಾಫಿ ಕೇಳುವುದು. ಲಿಫ್ಟಿನ ಮೋಟಾರುಗಳ ಪಕ್ಕ ಕೂತು ಕೂತು ಅವನ ಕಿವಿಯೂ ಮಂದವಾಯಿತು. ಕಿವಿಯ ಮಷೀನು ಹೆಡ್‌ಫೋನಿನ ಕೆಳಗೆ ಕುಂಯ್ ಎನ್ನುತ್ತಿತ್ತು. ತೆಗೆದು ಮೇಜಿನ ಡ್ರಾಯರಿಗೆ ಎಸೆದ. ರೇಡಿಯೊ ಗೆಳೆಯರಿಗೆ ಮಾತ್ರ ಈ ವಿಷಯ ಹೇಳಕೂಡದೆಂದು ಹೆಂಡತಿಗೆ ತಾಕೀತು ಮಾಡಿದ.

ನೆಂಟರ ಮದುವೆಯಲ್ಲಿ ತಮ್ಮನೇ ಕೇಳಿದ್ದ, “ಏನು ಭಾವ, ಚಂದ್ರ ಉತ್ತರ ಕೊಟ್ನಾ?” ಪಂಕ್ತಿಯೆಲ್ಲ ನಕ್ಕಿತು. ಏನೆಂದು ಕೇಳಿಸದೆ ಅವನೂ ನಕ್ಕ. ಆ ದಿನ ಅವಳಿಗೆ ಊಟ ಸೇರಲಿಲ್ಲ.

*

ಒಂಬತ್ತಕ್ಕೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರು ಬಂದರು. ಮೂವತ್ತು ವರ್ಷದ ರೇಡಿಯೊ ಸ್ನೇಹ; ಮುಖ ನೋಡಿದ್ದು ಎರಡೇ ಸಲ.

“ಅತ್ತಿಗೆ, ನನಗೆ ಇವನ ಮುಖಕ್ಕಿಂತ ಕೈ ಪರಿಚಯ. ಕೀಲಿ ಕುಟ್ಟೋದು ಒಬ್ಬೊಬ್ಬರದು ಒಂದೊಂದು ಥರ, ಕೈಬರಹ ಇದ್ದ ಹಾಗೆ. ಟೇಪು ಏನಾದ್ರೂ ಇದ್ರೆ ಒಂದ್ಸಲ ಕೇಳಿ ಹೋಗ್ತೀನಿ.”

“ಇದೇನು ಸಾವಿನ ಮನೇನೋ, ರೇಡಿಯೊ ಸ್ಟೇಷನ್ನೋ?” ಎಂದ ತಮ್ಮ.

ಅವಳು ಮಹಡಿ ಹತ್ತಿದಳು. ಟೇಪ್ ರೆಕಾರ್ಡರಿನೊಳಗೇ ಇತ್ತು ಕೊನೆಯ ಕ್ಯಾಸೆಟ್ಟು. ಮೇಲೆ ಅವನ ಅಕ್ಷರ: ‘ಭಾನುವಾರ, ಮಧ್ಯಾಹ್ನ. ಹೊಸ ಆಂಟೆನಾ. ಉತ್ತರ ಇಲ್ಲ.’ ಇದೂ ಇಲ್ಲವೇ! ಮೆಟ್ಟಿಲ ಮೇಲೆ ಒಂದು ಗಳಿಗೆ ಕೂತು, ಕಣ್ಣೊರೆಸಿಕೊಂಡು, ರೆಕಾರ್ಡರು ಎತ್ತಿಕೊಂಡು ಇಳಿದಳು.

ಟೇಪು ಸುತ್ತಿತು. ಒಂದು ಅಕ್ಷರ ಕುಟ್ಟುವುದು, ನಾಲ್ಕೈದು ಸೆಕೆಂಡು ಮೌನ, ಮತ್ತೆ ಅದೇ ಅಕ್ಷರ. “ಅದೇ ಕೈ,” ಎಂದರು ಕಂಡಕ್ಟರು ಕಣ್ಣು ಮುಚ್ಚಿ. “ಆತುರ ಅನ್ನೋದೇ ಇಲ್ಲ ನೋಡಿ.”

“ನಿಲ್ಸಿ, ನಿಲ್ಸಿ,” ಎಂದ ತಮ್ಮ. ಅವನದು ಗ್ಯಾರೇಜು, ಇಂಜಿನ್ನಿನ ಸದ್ದು ಕೇಳಿಯೇ ಎಲ್ಲಿ ಬೋಲ್ಟು ಸಡಿಲವಾಗಿದೆ ಎಂದು ಹೇಳಬಲ್ಲ. “ಟೇಪು ಕೆಟ್ಟಿದೆ. ಪ್ರತಿ ಸದ್ದಿನ ಹಿಂದೆ ಇನ್ನೊಂದು ಸಣ್ಣಗೆ ಬರ್ತಿದೆ.”

“ನನಗೆ ಕೇಳಿಸ್ಲಿಲ್ಲವಲ್ಲ?” ಎಂದರು ಕಂಡಕ್ಟರು.

“ಇದೆ ಅಂದ್ರೆ ಇದೆ.”

“ನನ್ನ ಕಿವಿ ಸೀಟಿ ಊದಿ ಊದಿ ಹಾಳಾಗಿದೆಯಪ್ಪ.” ಕಂಡಕ್ಟರು ಜೇಬಿನಿಂದ ಮೊಬೈಲು ತೆಗೆದು ಸ್ಟಾಪ್‌ವಾಚ್ ಹಾಕಿದರು. “ಕೀಲಿ ಸದ್ದಿಗೆ ನಾನು ಇದನ್ನ ಒತ್ತುತೀನಿ. ನೀನು ಆ ಸಣ್ಣ ಸದ್ದು ಕೇಳಿದ ತಕ್ಷಣ ನೆಲ ತಟ್ಟು.”

ಟೇಪು ಮತ್ತೆ ಓಡಿತು. ತಟ್ಟಿದ. ಮತ್ತೊಮ್ಮೆ. ಮಗದೊಮ್ಮೆ. ಕಂಡಕ್ಟರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ತಂದು ಮತ್ತೆ ಮತ್ತೆ ನೋಡಿದರು.

“ಏನಾಯ್ತು ಕಂಡಕ್ಟರ್ರೇ?” ಎಂದಳು ಅವಳು.

“ಎರಡೂವರೆ ಸೆಕೆಂಡು, ಅತ್ತಿಗೆ. ಮೂರು ಸಲಾನೂ ಅಷ್ಟೇ. ಟೇಪು ಕೆಟ್ಟಿಲ್ಲ. ಹೋಗಿ ಬರೋಕೆ ಅಷ್ಟು ಹೊತ್ತು ಬೇಕು.”

“ಎಲ್ಲಿಗೆ ಹೋಗಿ ಬರೋಕೆ?” ಎಂದ ತಮ್ಮ. ಕೇಳುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ತಲೆ ಎತ್ತಿ ಸೂರು ನೋಡಿದ. ತಿರುಗಿ ಮಂಚ ನೋಡಿದ. “ಅಕ್ಕಾ… ಭಾವ ಗೆದ್ದುಬಿಟ್ಟಿದಾರೆ ಕಣೇ! ಅವರಿಗೇ ಕೇಳಿಸಿಲ್ಲ!”

ಟೇಪನ್ನು ಹಿಂದಕ್ಕೆ ಸುತ್ತಿ, ಸದ್ದು ಪೂರ್ತಿ ಏರಿಸಿದರು. ನೆಂಟರೆಲ್ಲ ರೆಕಾರ್ಡರಿನತ್ತ ಬಾಗಿದರು. ಗೊರಗೊರ ಸದ್ದಿನ ಆಳದಲ್ಲಿ ಅದು ಬಂತು, ತೆಳ್ಳಗೆ, ದೂರದಿಂದ, ಅವನದೇ ಅಕ್ಷರ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿ, ನಾಚಿ, ಕೈ ಕೆಳಗಿಳಿಸಿದರು. ತಮ್ಮ ತಾನೇ ತಟ್ಟತೊಡಗಿದ. ಆಮೇಲೆ ಕೋಣೆಯೇ ತಟ್ಟಿತು. ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. ಇಷ್ಟು ಹೆಮ್ಮೆಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದೇ ಅವಳಿಗೆ ತಿಳಿಯಲಿಲ್ಲ.

ಹೊರಗೆ ವ್ಯಾನು ಬಂದು ನಿಂತಿತು. ನಾಲ್ವರು ಮಂಚಕ್ಕೆ ಕೈಹಾಕಿದರು.

“ಒಂದು ನಿಮಿಷ,” ಎಂದಳು.

ಗಂಡನ ಪಕ್ಕ ಮೊಣಕಾಲೂರಿ, ಅವನ ಎಡಗಿವಿಗೆ ಕೈಯನ್ನು ಬೊಗಸೆ ಮಾಡಿ ಹಿಡಿದು, ಗಂಟಲು ಹರಿಯುವಂತೆ ಕೂಗಿದಳು:

“ಬಂತು ಕಣ್ರೀ! ಉತ್ತರ ಬಂತು!”

ಬೀದಿಯಲ್ಲಿ ವ್ಯಾನಿನ ಚಾಲಕ ತನ್ನನ್ನೇ ಕರೆದರೆಂದು ಗಾಬರಿಯಿಂದ ಕೆಳಗಿಳಿದ. ಎದುರು ಕಟ್ಟಡದ ಮೂರನೆಯ ಮಹಡಿಯವರೆಗೂ ಕಿಟಕಿಗಳು ಒಂದೊಂದಾಗಿ ತೆರೆದುಕೊಂಡವು.