ಗೆದ್ದವರ ಊರಲ್ಲಿ ಜೆನೆಟ್

ಬೆಟ್ಟದ ಮೇಲೆ ಗುಂಡಿನ ಸದ್ದು ನಿಂತ ಮರುದಿನ ಅಮೆರಿಕದ ಕ್ಯಾರೊಲಿನಾದ ಕಣಿವೆಯೆಲ್ಲ ಕುಣಿಯಿತು. ನೇಗಿಲು ಬಿಟ್ಟು ಬಂದೂಕು ಹಿಡಿದಿದ್ದ ರೈತರ ಪಡೆ ಇಂಗ್ಲೆಂಡಿನ ದೊರೆಯ ಪಡೆಯನ್ನು ಸೋಲಿಸಿತ್ತು. ಜೆನೆಟ್ ಪರ್ಡಿ ಮಾತ್ರ ಮೆಕ್ಕೆಜೋಳದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬೆಟ್ಟದ ದಾರಿ ಹಿಡಿದಳು. ಅವಳ ಗಂಡ ಆರ್ಚಿಬಾಲ್ಡ್ ದೊರೆಯ ಕಡೆ ಸೇರಿದ್ದ. ಊರಿಗೆ ಅದು ಗೊತ್ತಿರಲಿಲ್ಲ. ಉಪ್ಪು ತರಲು ಕರಾವಳಿಗೆ ಹೋಗಿದ್ದಾನೆಂದು ಅವಳು ಹೇಳುತ್ತ ಬಂದಿದ್ದಳು.

ಸೆರೆಸಿಕ್ಕವರನ್ನು ಬೆಟ್ಟದ ಬುಡದಲ್ಲಿ ಕೂರಿಸಿದ್ದರು. ಕಾವಲಿಗಿದ್ದವರು ಬೆಟ್ಟದಾಚೆಯವರು, ಅವಳ ಗುರುತಿಲ್ಲದವರು.

“ಏನಕ್ಕಾ, ನಿನ್ನೋನು ಯಾರಾದ್ರೂ ಇದಾನಾ ಇಲ್ಲಿ?” ಒಬ್ಬ ನಕ್ಕ. “ಇದ್ರೆ ಹೇಳು, ಅವನ ಮನೆ ದನಾನೂ ಹೊಡ್ಕೊಂಡು ಹೋಗ್ತೀವಿ. ಮನೆಗೂ ಬೆಂಕಿ ಇಡ್ತೀವಿ.”

ಜೆನೆಟ್ ಬಾಯಿ ತೆರೆಯುವಷ್ಟರಲ್ಲಿ ಆರ್ಚಿಬಾಲ್ಡ್ ತಲೆಯೆತ್ತಿದ. ಹಣೆಯ ಮೇಲೆ ರಕ್ತ ಕಪ್ಪಾಗಿ ಒಣಗಿತ್ತು.

“ಆ ಹೆಂಗಸನ್ನ ಯಾಕ್ರಯ್ಯಾ ಕಾಡ್ತೀರಾ? ಯಾರೋ ಏನೋ, ಸೋತೋರ್ನ ನೋಡೋಕೆ ಬಂದಿರ್ಬೇಕು. ನೋಡಾಯ್ತಲ್ಲ, ಹೋಗಮ್ಮಾ!”

ಮದುವೆಯಾದಾಗಿನಿಂದ ಅವನು ಅವಳನ್ನು ಪರರಂತೆ ‘ಅಮ್ಮಾ’ ಎಂದದ್ದು ಅದೇ ಮೊದಲು. ಅವಳಿಗೆ ಅರ್ಥವಾಯಿತು. ರೊಟ್ಟಿಯನ್ನು ಅವನ ಪಕ್ಕದ ಬೋಳುತಲೆಯವನ ಮಡಿಲಿಗೆ ಹಾಕಿ, ಗಂಡನತ್ತ ಮತ್ತೆ ನೋಡದೆ ಹೊರಟಳು.

ಚಳಿಗಾಲದ ಒಂದು ಮಧ್ಯಾಹ್ನ ಅದೇ ಬೋಳುತಲೆಯವನು ಸೆರೆಯಿಂದ ತಪ್ಪಿಸಿಕೊಂಡು ಬಂದು ಅವಳ ಬೇಲಿಯ ಬಳಿ ನಿಂತ.

“ನಮ್ಮನ್ನ ನಡೆಸ್ಕೊಂಡು ಹೋಗೋ ದಾರೀಲೇ ನಿನ್ನ ಗಂಡಂಗೆ ಜ್ವರ ಬಂತು ತಾಯಿ. ಉಳೀಲಿಲ್ಲ. ನಾನೇ ಮಣ್ಣು ಮಾಡ್ದೆ.”

“ಏನಾದ್ರೂ ಹೇಳಿದ್ನಾ?”

“ಅವತ್ತು ಹಂಗಂದಿದ್ದಕ್ಕೆ ಬೇಜಾರು ಮಾಡ್ಕೋಬೇಡ ಅಂತ ಹೇಳು ಅಂದ.”

ಅವನಿಗೆ ಹಾಲು ಕೊಟ್ಟು ಕಳಿಸಿದಳು. ಶೋಕದ ಕಪ್ಪು ಬಟ್ಟೆ ತೊಡುವಂತಿರಲಿಲ್ಲ. ತೊಟ್ಟರೆ ಯಾರು ಸತ್ತರು, ಎಲ್ಲಿ ಸತ್ತರು ಎಂದು ಊರು ಕೇಳುತ್ತಿತ್ತು. ಪಕ್ಕದ ಮನೆಯ ಮಾರ್ಜರಿ ಬಾವಿಯ ಬಳಿ ಎಲ್ಲರೆದುರು ರೇಗಿಸುತ್ತಿದ್ದಳು: “ಉಪ್ಪು ತರೋಕೆ ಹೋದ ನಿನ್ ಗಂಡ ಅಲ್ಲೇ ಯಾವಳನ್ನೋ ಕಟ್ಕೊಂಡಿದಾನೆ ಕಣೇ!” ಎಲ್ಲರೂ ನಗುತ್ತಿದ್ದರು. ಜೆನೆಟ್ ಕೂಡ ನಗುತ್ತಿದ್ದಳು.

ಕೆಲವು ವರ್ಷಗಳ ನಂತರ ದೊರೆ ಸೋಲೊಪ್ಪಿಕೊಂಡ ಸುದ್ದಿ ಬಂತು. ಪಿಟೀಲು ನುಡಿಸಿದರು. “ಬಾರೇ, ಎಷ್ಟು ದಿನ ಅಂತ ಅವನಿಗೆ ಕಾಯ್ತೀಯ?” ಎಂದು ಮಾರ್ಜರಿ ಅವಳ ಕೈಹಿಡಿದು ಎಳೆದಳು. ಜೆನೆಟ್ ಕುಣಿದಳು, ಬೆವರಿ ಸುಸ್ತಾಗುವವರೆಗೂ ಕುಣಿದಳು. ಮನೆಗೆ ಬರುವಾಗ ಹೊಲದ ನಡುವೆ ನಿಂತು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅವನ ಹೆಸರನ್ನು ಒಮ್ಮೆ ಗಟ್ಟಿಯಾಗಿ ಕೂಗಿದಳು.